ಓದುಗರ ಪ್ರಶ್ನೆ: ದೂರದ ಬಸ್ಸು, ಡ್ರೈವರ್‌ನ ನಿದ್ದೆ

ಕೊಡಗಿಗೆ ರೈಲಿಲ್ಲ. ಬೆಂಗಳೂರಿನ ಕೆಲಸಕ್ಕೂ ಮಂಗಳೂರಿನ ಆಸ್ಪತ್ರೆಗೂ ಮೈಸೂರಿನ ಮದುವೆಗೂ ಬಸ್ಸೇ ಗತಿ. ದೂರ ಓಡುವ ಬಸ್ಸು, ಟೆಂಪೋ ಟ್ರಾವೆಲರ್ (ಟಿಟಿ)ಗಳ ಡ್ರೈವರ್‌ಗಳ ದಣಿವಿನ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು ಎರಡು ಮಿನಿ ಬಸ್ಸಿನ ಸಣ್ಣ ವ್ಯವಹಾರ. ಮದುವೆ ಸೀಸನ್‌ನಲ್ಲಿ ಪಾರ್ಟಿಯವರು ಬೆಳಿಗ್ಗೆ 5ಕ್ಕೆ ಇಲ್ಲಿಂದ ಬೆಂಗಳೂರಿಗೆ ಹೊರಟು, ಊಟ, ಆರತಕ್ಷತೆ ಎಲ್ಲ ಮುಗಿಸಿ ರಾತ್ರಿ 10ಕ್ಕೆ ವಾಪಸ್ ಹೊರಡೋಣ ಎನ್ನುತ್ತಾರೆ. ಡ್ರೈವರ್ ಹಗಲಿಡೀ ಛತ್ರದ ಹತ್ತಿರ ಖಾಲಿ ಕೂತಿರುತ್ತಾನೆ. ಒಬ್ಬನೇ ಸಾಕಲ್ಲವೇ? (ವಿರಾಜಪೇಟೆ)

ಉತ್ತರ: ಸಾಲದು. 5ಕ್ಕೆ ಬಸ್ಸು ಮನೆ ಮುಂದೆ ನಿಲ್ಲಬೇಕಾದರೆ ಡ್ರೈವರ್ ಮೂರೂವರೆಗೇ ಎದ್ದಿರುತ್ತಾನೆ. ರಾತ್ರಿ 10ಕ್ಕೆ ಸ್ಟಿಯರಿಂಗ್ ಹಿಡಿಯುವಾಗ ಅವನು ಎದ್ದು 18 ಗಂಟೆ ಕಳೆದಿದೆ. ಊರು ಮುಟ್ಟುವಾಗ 24 ಆಗುತ್ತದೆ. 17 ಗಂಟೆ ನಿದ್ದೆಯಿಲ್ಲದೆ ಇರುವವನ ಕೈ, ಕಣ್ಣುಗಳ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ನಮ್ಮ ಕಾನೂನಿನ ಮಿತಿ 30 ಮಿ.ಗ್ರಾಂ. ಒಂದು ಹನಿಯೂ ಕುಡಿಯದ ನಿಮ್ಮ ಡ್ರೈವರ್ ಆ ಹೊತ್ತಿಗೆ ಕುಡಿದವನಷ್ಟೇ ಅಪಾಯಕಾರಿ. ಪೊಲೀಸರ ಊದುವ ಮೆಷಿನ್‌ಗೆ ಮಾತ್ರ ಅದು ಸಿಕ್ಕುವುದಿಲ್ಲ.

ಖಾಲಿ ಕೂರುವುದು ವಿಶ್ರಾಂತಿಯ ಲೆಕ್ಕಕ್ಕೆ ಬರುವುದಿಲ್ಲ. ಛತ್ರದ ಪಾರ್ಕಿಂಗ್‌ನಲ್ಲಿ ಬಿಸಿಲಿಗೆ ಕಾದ ಬಸ್ಸಿನ ಹಿಂದಿನ ಸೀಟು, ಹೊರಗೆ ವಾಲಗ, ಅರ್ಧ ಗಂಟೆಗೊಮ್ಮೆ ಗಾಜು ತಟ್ಟಿ "ಗಾಡಿ ಸ್ವಲ್ಪ ಹಿಂದೆ ತೆಗೀರಿ" ಎನ್ನುವವರು. ಇದರ ಮಧ್ಯೆ ಬರುವುದು ಜೊಂಪು, ನಿದ್ದೆಯಲ್ಲ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ (2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ) ಹಾಕಿಕೊಟ್ಟಿದ್ದ ಅಳತೆ ಇದು: ದಿನಕ್ಕೆ 8 ಗಂಟೆ ಕೆಲಸ, ದೂರದ ಮಾರ್ಗಗಳಿಗೆ ಅನುಮತಿ ಇದ್ದರೆ 10, 5 ಗಂಟೆ ಮೀರುವ ಮೊದಲು ಕನಿಷ್ಠ ಅರ್ಧ ಗಂಟೆ ಬಿಡುವು, ಬಿಡುವೂ ಸೇರಿ ಡ್ಯೂಟಿಯ ಒಟ್ಟು ಹರವು 12 ಗಂಟೆ, ಒಂದು ಡ್ಯೂಟಿಗೂ ಇನ್ನೊಂದಕ್ಕೂ ನಡುವೆ ಎಡೆಬಿಡದ 9 ಗಂಟೆ. ನಿಮ್ಮ ಟ್ರಿಪ್ಪಿನಲ್ಲಿ ಓಡಿಸುವ ಹೊತ್ತೇ ಹೋಗುತ್ತಾ ಬರುತ್ತಾ ಹತ್ತು ಹನ್ನೆರಡು ಗಂಟೆ. ಹರವು 23.

ಎರಡನೇ ಡ್ರೈವರ್ ಹಾಕುವವರೂ ಒಂದು ಕಡೆ ಎಡವುತ್ತಾರೆ. ಇಬ್ಬರನ್ನೂ ಬೆಳಗಿನ ಜಾವವೇ ಹೊರಡಿಸುತ್ತಾರೆ. ಆಗ ಇಬ್ಬರೂ ಮೂರೂವರೆಗೆ ಎದ್ದವರು, ರಾತ್ರಿಗೆ ಇಬ್ಬರೂ ಒಟ್ಟಿಗೇ ದಣಿದವರು. ವಾಪಸ್ ಓಡಿಸುವವನು ಮನೆಯಲ್ಲಿ ಚೆನ್ನಾಗಿ ಮಲಗಿ, ತಡವಾಗಿ ಎದ್ದು, ಮಧ್ಯಾಹ್ನದ ಸರ್ಕಾರಿ ಬಸ್ಸಿಗೆ ಬೆಂಗಳೂರಿಗೆ ಬರಲಿ. ಖರ್ಚು ಅವನ ಟಿಕೆಟ್ಟು ಮತ್ತು ಬಾಟಾ. ರೇಟು ಹೇಳುವಾಗಲೇ ಅದನ್ನು ಸೇರಿಸಿ ಹೇಳಿ. ಇಲ್ಲವೇ ಒಬ್ಬನೇ ಡ್ರೈವರ್‌ನನ್ನು ಲಾಡ್ಜಿನಲ್ಲಿ ಮಲಗಿಸಿ, ಪಾರ್ಟಿಯನ್ನು ಮರುದಿನ ಬೆಳಿಗ್ಗೆ 7ಕ್ಕೆ ಹೊರಡಿಸಿ. ಎರಡಕ್ಕೂ ಒಪ್ಪದ ಪಾರ್ಟಿಯನ್ನು ಬಿಡುವುದೇ ಲೇಸು. ಏನಾದರೂ ಆಗಿ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷದವರೆಗಿನ ಜೈಲು ಡ್ರೈವರ್‌ಗೆ, ಪರಿಹಾರದ ದಾವೆಯಲ್ಲಿ ಮೊದಲ ಹೆಸರುಗಳಲ್ಲಿ ಒಂದು ಮಾಲೀಕರಾದ ನಿಮ್ಮದು. ರಾತ್ರಿಯೇ ಹೊರಡಬೇಕೆಂದು ಹಟ ಹಿಡಿದವರ ಹೆಸರು ಅದರಲ್ಲಿ ಎಲ್ಲೂ ಇರುವುದಿಲ್ಲ.

ಪ್ರಶ್ನೆ: ನಾನು ಮಡಿಕೇರಿ–ಬೆಂಗಳೂರು ರಾತ್ರಿ ಬಸ್ಸು ಓಡಿಸುತ್ತೇನೆ. ಮೈಸೂರು ದಾಟಿದ ಮೇಲೆ ಕಣ್ಣು ಎಳೆಯುತ್ತದೆ. ಕಿಟಕಿ ತೆಗೆಯುವುದು, ಹಾಡು ಹಾಕುವುದು, ಗುಟ್ಕಾ, ಕಾಫಿ ಎಲ್ಲ ನೋಡಿಯಾಯಿತು. ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ? (ಸುಂಟಿಕೊಪ್ಪ)

ಉತ್ತರ: ತಣ್ಣನೆ ಗಾಳಿ, ಹಾಡು, ಮುಖಕ್ಕೆ ನೀರು ಇವೆಲ್ಲ ಕೆಲವು ನಿಮಿಷದ ಮಾತು. ನಿಲ್ಲಿಸಲು ಜಾಗ ಸಿಗುವ ತನಕ ಅವನ್ನು ಬಳಸಿ, ಅದಕ್ಕಿಂತ ಹೆಚ್ಚಿಗೆ ನಂಬಬೇಡಿ. ಗುಟ್ಕಾ ಬಾಯಿ ಕೆಡಿಸುತ್ತದೆ, ನಿದ್ದೆಯನ್ನು ತಡೆಯುವುದಿಲ್ಲ.

ಮೈಸೂರು ದಾಟಿದ ಮೇಲೇ ಯಾಕೆ? ರಾತ್ರಿ 11ರ ಸುಮಾರಿಗೆ ಮಡಿಕೇರಿ ಬಿಟ್ಟ ಬಸ್ಸು ಮೈಸೂರು ದಾಟುವಾಗ ಎರಡು ಗಂಟೆ ಆಗಿರುತ್ತದೆ. ಎರಡರಿಂದ ಬೆಳಗಿನ ಐದಾರರವರೆಗೆ ದೇಹದ ಗಡಿಯಾರ ನಿದ್ದೆಯ ಕಡೆಗೆ ಅತಿ ಹೆಚ್ಚು ಎಳೆಯುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇದರ ಚಿಕ್ಕ ರೂಪ ಇರುತ್ತದೆ. ಕುಶಾಲನಗರದವರೆಗಿನ ತಿರುವುಗಳಲ್ಲಿ ಕೈಕಾಲಿಗೆ ಸದಾ ಕೆಲಸ. ಪಿರಿಯಾಪಟ್ಟಣ, ಹುಣಸೂರು ಕಳೆಯುವಾಗ ರಸ್ತೆ ನೇರವಾಗುತ್ತದೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಂತೂ ಹಂಪಿಲ್ಲ, ಬೈಕಿಲ್ಲ, ಆಟೋ ಇಲ್ಲ. ಇಡೀ ದಾರಿಯಲ್ಲಿ ಅತಿ ಸುಲಭದ ರಸ್ತೆ ದೇಹದ ಅತಿ ಕೆಟ್ಟ ಹೊತ್ತಿಗೇ ಬಂದು ಸೇರುತ್ತದೆ. ಅಲ್ಲಿ ಸುಮ್ಮನೆ ಬದಿಗೆ ನಿಲ್ಲಿಸುವುದೂ ಅಪಾಯ, ಹಿಂದಿನಿಂದ ಬಂದ ಲಾರಿ ಗುದ್ದಿಬಿಡಬಹುದು. ಆದ್ದರಿಂದ ಮುಂದಕ್ಕೆ ಹೋಗಬಲ್ಲೆನೋ ಇಲ್ಲವೋ ಎಂಬ ತೀರ್ಮಾನವನ್ನು ಮೈಸೂರು ಬಿಡುವ ಮುನ್ನವೇ ಮಾಡಿ.

ಕೆಲಸ ಮಾಡುವುದು ಎರಡೇ: ನಿದ್ದೆ, ಮತ್ತು ಸರಿಯಾದ ಹೊತ್ತಿಗೆ ಕುಡಿದ ಕಾಫಿ. ಎರಡನ್ನೂ ಕೂಡಿಸುವ ಕ್ರಮ ಹೀಗಿದೆ. ಬೆಳಕಿರುವ ಪೆಟ್ರೋಲ್ ಬಂಕಿನಲ್ಲೋ ಬಸ್ ನಿಲ್ದಾಣದಲ್ಲೋ ನಿಲ್ಲಿಸಿ. ಒಂದು ದೊಡ್ಡ ಲೋಟ ಸ್ಟ್ರಾಂಗ್ ಕಾಫಿಯನ್ನು ಬೇಗ ಕುಡಿದು ಮುಗಿಸಿ. ಮೊಬೈಲಿನಲ್ಲಿ 20 ನಿಮಿಷಕ್ಕೆ ಅಲಾರಂ ಇಟ್ಟು ತಕ್ಷಣ ಒರಗಿ. ಕೆಫೀನ್ ರಕ್ತಕ್ಕಿಳಿದು ಮಿದುಳಿಗೆ ತಾಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಹಾಗಾಗಿ ನೀವು ಏಳುವುದೂ ಅದು ತಾಗುವುದೂ ಒಟ್ಟಿಗೇ ಆಗುತ್ತದೆ. ಅರ್ಧ ಗಂಟೆ ಮೀರಿ ಮಲಗಿದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಭಾರವಾಗಿರುತ್ತದೆ. ಎದ್ದ ಮೇಲೆ ಹತ್ತು ನಿಮಿಷ ಕೆಳಗಿಳಿದು ಓಡಾಡಿ, ಟೈರು ತಟ್ಟಿ ನೋಡಿ, ಆಮೇಲೆ ಹೊರಡಿ. ಇದರಿಂದ ಒಂದೆರಡು ಗಂಟೆ ಸಿಗುತ್ತದೆ, ರಾತ್ರಿಯಿಡೀ ಅಲ್ಲ.

ಕಾಫಿ ನಾಡಿನವರಿಗೆ ಕಾಫಿಯ ಬಗ್ಗೆ ಹೇಳುವುದು ಸ್ವಲ್ಪ ಅಧಿಕಪ್ರಸಂಗವೇ. ಆದರೂ ಕೇಳಿ: ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಕೆಫೀನ್ ಇದೆ, ಚಿಕೋರಿಯಲ್ಲಿ ಇಲ್ಲವೇ ಇಲ್ಲ. ರಸ್ತೆ ಬದಿಯ ಹೋಟೆಲಿನ ಕಪ್ಪಗಿನ ಡಿಕಾಕ್ಷನ್ ಬಣ್ಣದಿಂದ ಮೋಸ ಹೋಗಬೇಡಿ, ಅದರಲ್ಲಿ ಅರ್ಧ ಚಿಕೋರಿಯೇ ಇರಬಹುದು. ಮೈಯಲ್ಲಿ ಸೇರಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಬೆಂಗಳೂರು ಮುಟ್ಟಿ ಮಲಗುವವರು 3 ಗಂಟೆಯ ನಂತರ ಕುಡಿದರೆ ಹಗಲಿನ ನಿದ್ದೆ ಕೆಡುತ್ತದೆ, ಅದರ ಸಾಲ ಮರುದಿನದ ರಾತ್ರಿಯ ಮೇಲೆ ಬೀಳುತ್ತದೆ.

ಆಕಳಿಕೆಗಿಂತ ಮುಖ್ಯವಾದ ಗುರುತುಗಳಿವೆ. ಕಳೆದ ಎರಡು ಕಿಲೋಮೀಟರ್ ನೆನಪಿಲ್ಲ, ಕಾರಣವಿಲ್ಲದೆ ವೇಗ ಏರಿಳಿಯುತ್ತದೆ, ಚಕ್ರ ಬಿಳಿ ಪಟ್ಟಿ ತುಳಿದ ಸದ್ದು ಕೇಳಿ ಬೆಚ್ಚುತ್ತೀರಿ. ಆ ಬೆಚ್ಚಿದ್ದೇ ಸಾಕ್ಷಿ, ಅದಕ್ಕೆ ಮುಂಚಿನ ಕೆಲವು ಸೆಕೆಂಡು ನೀವು ನಿದ್ದೆ ಹೋಗಿದ್ದಿರಿ. 80ರ ವೇಗದಲ್ಲಿ ಬಸ್ಸು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡೆಂದರೆ ಐದು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದ ಉದ್ದ, ಸ್ಟಿಯರಿಂಗ್ ಮುಂದೆ ಯಾರೂ ಇಲ್ಲದ ಹಾಗೆ.

ತಿತಿಮತಿ, ಆನೆಚೌಕೂರು ಕಡೆಯಿಂದ ಹೋಗುವವರು ಕಾಡಿನ ನಡುವೆ ನಿಲ್ಲಿಸಬೇಡಿ. ಆನೆಗಳ ಓಡಾಟ ಇರುವ ಜಾಗ ಅದು. ಗೋಣಿಕೊಪ್ಪದಲ್ಲೇ ಯೋಚಿಸಿಕೊಳ್ಳಿ, ಇಲ್ಲವೇ ಹುಣಸೂರಿನಲ್ಲಿ.

ಪ್ರಶ್ನೆ: ಮಂಗಳೂರಿಗೆ ಹೋಗುವಾಗ ಸಂಪಾಜೆ ಘಾಟಿಯಲ್ಲಿ ಬಸ್ಸಿನ ಒಳಗೆಲ್ಲ ಸುಟ್ಟ ವಾಸನೆ. ಬ್ರೇಕ್ ಬಿಸಿ ಎಂದರು. ಇದು ಬಸ್ಸಿನ ದೋಷವೋ, ಡ್ರೈವರ್‌ನದೋ? (ನಾಪೋಕ್ಲು)

ಉತ್ತರ: ಎರಡೂ ಇರಬಹುದು, ಹೆಚ್ಚಾಗಿ ಕಾಲಿನದು. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಿಂದ ಇಳಿಯುವ ಬಸ್ಸಿನ ವೇಗವನ್ನು ಬರೀ ಕಾಲಿನ ಬ್ರೇಕಿನಿಂದ ಹಿಡಿದರೆ ಚಕ್ರದ ಒಳಗಿನ ಬ್ರೇಕ್ ಡ್ರಮ್ ಕಾಯುತ್ತದೆ. ಕಾದ ಡ್ರಮ್ ಹಿಗ್ಗಿ, ಅದಕ್ಕೆ ಒತ್ತಿ ಹಿಡಿಯುವ ಲೈನರ್‌ನಿಂದ ದೂರ ಸರಿಯುತ್ತದೆ, ಕಾದ ಲೈನರ್‌ನ ಹಿಡಿತವೂ ಕಮ್ಮಿ ಆಗುತ್ತದೆ. ಆಗ ಡ್ರೈವರ್ ಇನ್ನೂ ಜೋರಾಗಿ, ಮತ್ತೆ ಮತ್ತೆ ಒತ್ತುತ್ತಾನೆ. ಪ್ರತಿ ಒತ್ತಿಗೂ, ಬ್ರೇಕ್ ಹಿಡಿಸುವ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ.

ಸರಿಯಾದ ಇಳಿಕೆಗೆ, ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ, ಅಥವಾ ಅದಕ್ಕಿಂತ ಒಂದು ಕೆಳಗಿನದು. ಗೇರನ್ನು ಇಳಿಜಾರು ಶುರುವಾಗುವ ಮುನ್ನವೇ ಹಾಕಿರಬೇಕು. ಎಂಜಿನ್ನಿನ ಹೊಗೆಯ ದಾರಿ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಆನ್ ಇರಲಿ, ಅದು ಎಂಜಿನ್ ಚೆನ್ನಾಗಿ ಸುತ್ತುತ್ತಿರುವಾಗ ಮಾತ್ರ ಹಿಡಿಯುತ್ತದೆ, ಮೇಲಿನ ಗೇರಿನಲ್ಲಿ ಅಷ್ಟಾಗಿ ಉಪಯೋಗವಿಲ್ಲ. ವೇಗ ಮಿತಿ ಮುಟ್ಟಿದಾಗ ಮೂರು ನಾಲ್ಕು ಸೆಕೆಂಡು ಗಟ್ಟಿಯಾಗಿ ಒತ್ತಿ, ವೇಗವನ್ನು ಗಂಟೆಗೆ ಸುಮಾರು 10 ಕಿ.ಮೀ.ನಷ್ಟು ಇಳಿಸಿ, ಪೂರ್ತಿ ಬಿಡಬೇಕು. ಉದ್ದಕ್ಕೂ ಹಗುರಾಗಿ ಕಾಲಿಟ್ಟುಕೊಂಡೇ ಬರುವುದು ಕೆಟ್ಟ ಅಭ್ಯಾಸ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಅದಕ್ಕಿಂತಲೂ ಕೆಟ್ಟದ್ದು.

ದಣಿವಿಗೂ ಇದಕ್ಕೂ ಸಂಬಂಧ ಇದೆ. ದಣಿದವನು ನಿದ್ದೆ ಹೋಗುವುದಕ್ಕೆ ಬಹಳ ಮೊದಲೇ ಸೋಮಾರಿಯಾಗುತ್ತಾನೆ. ಕ್ಲಚ್ ಒತ್ತಿ ಗೇರ್ ಇಳಿಸುವ ಬದಲು "ಈ ಒಂದು ತಿರುವು ಹೀಗೇ ಹೋಗಲಿ" ಎಂದು ಬ್ರೇಕ್ ಮೇಲೆ ಕಾಲಿಡುತ್ತಾನೆ. ರಾತ್ರಿಯಿಡೀ ಓಡಿಸಿ ಮುಂಜಾನೆಯ ಮಂಜಿನಲ್ಲಿ ಘಾಟಿ ಇಳಿಯುವ ಟೂರಿಸ್ಟ್ ಬಸ್ಸುಗಳಲ್ಲಿ ಈ ವಾಸನೆ ಬಂದರೆ ಆಶ್ಚರ್ಯವಿಲ್ಲ.

ವಾಸನೆ ಬಂದ ಮೇಲೆ ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಅರ್ಧ ಗಂಟೆಯಾದರೂ ಆರಲು ಬಿಡಬೇಕು. ನೀರು ಸುರಿದರೆ ಡ್ರಮ್ ಬಿರುಕು ಬಿಡುತ್ತದೆ. ಹೊರಡುವಾಗ ಆ ಕಲ್ಲನ್ನು ತೆಗೆದು ಬದಿಗೆ ಹಾಕಿ, ಹಿಂದೆ ಬರುವ ಬೈಕಿನವನ ಜೀವವೂ ಜೀವವೇ. ಸಮಾಧಾನವಾಗಿ ಇಳಿಸಿದರೂ ಪದೇ ಪದೇ ಬಿಸಿಯಾದರೆ ಮಾತ್ರ ದೋಷ ಬಸ್ಸಿನದು. ಬ್ರೇಕ್ ಅಡ್ಜಸ್ಟ್‌ಮೆಂಟ್, ಲೈನರ್ ಎರಡನ್ನೂ ಬಿಚ್ಚಿ ನೋಡಿಸಬೇಕು.

ಪ್ರಶ್ನೆ: ನಮ್ಮದು ಹೋಂಸ್ಟೇ. ಅತಿಥಿಗಳ ಟಿಟಿ ಡ್ರೈವರ್‌ಗಳು ಗಾಡಿಯಲ್ಲೇ ಮಲಗುತ್ತಾರೆ. ನಾವು ಏನು ಮಾಡಬಹುದು? (ಕಕ್ಕಬ್ಬೆ)

ಉತ್ತರ: ಒಂದು ಕೋಣೆ ಕೊಡಿ. ದಪ್ಪ ಪರದೆ, ಹಾಸಿಗೆ, ಕಂಬಳಿ, ಹತ್ತಿರದಲ್ಲೇ ಶೌಚಾಲಯ. ಕ್ಯಾಂಪ್‌ಫೈರ್‌ನಿಂದ ದೂರ ಇರಲಿ. ಊಟವನ್ನು ಅತಿಥಿಗಳದ್ದೆಲ್ಲ ಮುಗಿದ ಮೇಲೆ ಹನ್ನೊಂದಕ್ಕಲ್ಲ, ಎಂಟಕ್ಕೇ ಹಾಕಿ. ಬೇರೆ ಗಾಡಿಗೆ ದಾರಿ ಬಿಡಲು ಎಬ್ಬಿಸಬೇಕಾಗದ ಹಾಗೆ ಮೊದಲೇ ನಿಲ್ಲಿಸಿಕೊಳ್ಳಿ. ಸಂಕೋಚಕ್ಕೆಂದು ಒಂದು ಪೆಗ್ ಕೊಡುವವರಿದ್ದಾರೆ, ಬೇಡ. ಮದ್ಯ ನಿದ್ದೆ ಬರಿಸಿದರೂ ನಡುರಾತ್ರಿಯ ನಂತರ ಅದನ್ನು ಒಡೆಯುತ್ತದೆ. ಮಾಂದಲಪಟ್ಟಿಗೆ ಸೂರ್ಯೋದಯ ನೋಡಲು ಅತಿಥಿಗಳು ಹೋಗುವುದು ಜೀಪಿನಲ್ಲಿ, ಆ ಹೊತ್ತಿಗೆ ಟಿಟಿ ಡ್ರೈವರ್ ಏಳಬೇಕಾಗಿಲ್ಲ.

ಪ್ರಶ್ನೆ: ನಮ್ಮ ಮನೆಯವರು ಬಸ್ ಡ್ರೈವರ್. ವಿಪರೀತ ಗೊರಕೆ, ನಡುವೆ ಉಸಿರು ನಿಂತ ಹಾಗೆ ಆಗಿ ಬೆಚ್ಚಿ ಏಳುತ್ತಾರೆ. ಎಂಟು ಗಂಟೆ ಮಲಗಿದರೂ ತೂಕಡಿಕೆ ಬಿಡುವುದಿಲ್ಲ. ಡಾಕ್ಟರಿಗೆ ತೋರಿಸಿದರೆ ಕೆಲಸ ಹೋಗುತ್ತದೆಂದು ಹೆದರುತ್ತಾರೆ. (ಸೋಮವಾರಪೇಟೆ)

ಉತ್ತರ: ನೀವು ಬರೆದದ್ದು ಸ್ಲೀಪ್ ಆಪ್ನಿಯಾದ ಲಕ್ಷಣ. ಮಲಗಿದಾಗ ಗಂಟಲಿನ ದಾರಿ ಮುಚ್ಚಿಕೊಂಡು ರಾತ್ರಿಯಲ್ಲಿ ಮತ್ತೆ ಮತ್ತೆ ನಿದ್ದೆ ಒಡೆಯುತ್ತದೆ. ದಪ್ಪ ಕುತ್ತಿಗೆ, ತೂಕ, ಬಿಪಿ ಜೊತೆಗಿದ್ದರೆ ಅನುಮಾನ ಇನ್ನೂ ಗಟ್ಟಿ. ಮೈಸೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ರಾತ್ರಿಯ ನಿದ್ದೆ ಪರೀಕ್ಷೆ ಮಾಡುತ್ತಾರೆ. ತೂಕ ಇಳಿಸುವುದು, ಮಲಗುವಾಗ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಹಾಕಿಕೊಳ್ಳುವುದು ಚಿಕಿತ್ಸೆ. ಯಂತ್ರಕ್ಕೆ ಒಗ್ಗಿಕೊಂಡವರ ಹಗಲಿನ ತೂಕಡಿಕೆ ಚೆನ್ನಾಗಿ ಇಳಿಯುತ್ತದೆ. ಕೆಲಸಕ್ಕೆ ಅಪಾಯ ಇರುವುದು ಪರೀಕ್ಷೆಯಿಂದಲ್ಲ, ಕಾಯಿಲೆ ಮುಚ್ಚಿಟ್ಟು ಓಡಿಸುವುದರಿಂದ. ಚಿಕಿತ್ಸೆ ಹಿಡಿಯುವ ತನಕ ರಾತ್ರಿ ಡ್ಯೂಟಿ ಬೇಡ. ಇನ್ನೊಂದು ಮಾತು: ಮಳೆಗಾಲದ ನೆಗಡಿಗೆ ಅಂಗಡಿಯಿಂದ ತರುವ ಸೆಟ್ರಿಜಿನ್, ಅವಿಲ್, ಕೆಲವು ಕೆಮ್ಮಿನ ಸಿರಪ್, ವಾಂತಿಗೆಂದು ನುಂಗುವ ಅವೊಮಿನ್, ಇವೆಲ್ಲ ಮಂಪರು ತರಿಸುವವು. "ನಾನು ಡ್ರೈವರ್" ಎಂದು ಹೇಳಿಯೇ ಮಾತ್ರೆ ಕೇಳಲಿ.

ಪ್ರಶ್ನೆ: ಪ್ರಯಾಣಿಕರು ಡ್ರೈವರ್ ತೂಕಡಿಸುವುದನ್ನು ಕಂಡರೆ? (ಕುಶಾಲನಗರ)

ಉತ್ತರ: ಹಿಂದಿನಿಂದ ಕೂಗಿ ಬೆಚ್ಚಿಸಬೇಡಿ. ಮುಂದೆ ಹೋಗಿ, ಕಂಡಕ್ಟರ್ ಅಥವಾ ಕ್ಲೀನರ್ ಮೂಲಕ, "ಅಣ್ಣಾ, ಅರ್ಜೆಂಟಾಗಿ ಬಾತ್‌ರೂಮಿಗೆ ಹೋಗಬೇಕು, ಮುಂದಿನ ಬಂಕಲ್ಲಿ ನಿಲ್ಲಿಸಿ" ಎನ್ನಿ. ನಿದ್ದೆ ಬಂದಿದೆ ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳದ ಡ್ರೈವರ್ ಕೂಡ ಬಾತ್‌ರೂಮಿಗೆ ನಿಲ್ಲಿಸುತ್ತಾನೆ. ನಿಂತ ಮೇಲೆ ಅವನು ಇಪ್ಪತ್ತು ನಿಮಿಷ ಒರಗಲಿ ಎಂದು ನಾಲ್ಕು ಜನ ಸೇರಿ ಹೇಳಿ, ತಡವಾಯಿತೆಂದು ಗೊಣಗುವವರನ್ನು ನೀವೇ ಸಮಾಧಾನ ಮಾಡಿ. ಒಪ್ಪದೆ ಹೊರಟರೆ ಬಸ್ಸಿನ ನಂಬರ್, ದಾಟಿದ ಊರಿನ ಹೆಸರು ಹೇಳಿ 112ಕ್ಕೆ ಫೋನ್ ಮಾಡಿ.