ಲಿಫ್ಟ್ ಗುಂಡಿಗೆ ಕಟ್ಟದ ಅಡ್ಡಹಲಗೆ

2022ರ ಮಳೆಗಾಲ. ಬೆಂಗಳೂರಿನ ಹೊರವಲಯದಲ್ಲಿ ಗುತ್ತಿಗೆಗೆ ಮನೆ ಕಟ್ಟಿಸುವ 44ರ ಒಬ್ಬರನ್ನು ಹೆಂಡತಿ ಸಮಾಲೋಚನೆಗೆ ನನ್ನ ಬಳಿ ಕರೆತಂದರು (ಗುರುತು ಸಿಗುವ ವಿವರ ಬದಲಿಸಿದ್ದೇನೆ). ರಾತ್ರಿ ಎರಡಕ್ಕೆ ಎದ್ದು ಗೇಟಿನ ಬಳಿ ಕೂರುತ್ತಾರೆ. ಮೇಸ್ತ್ರಿಯ ಫೋನ್ ಬಂದರೆ ಕೈ ನಡುಗುತ್ತದೆ. ಎರಡು ವಾರದ ಹಿಂದೆ ಸೆಂಟ್ರಿಂಗ್ (ಕಾಂಕ್ರೀಟು ಗಟ್ಟಿಯಾಗುವವರೆಗೆ ಕೊಡುವ ಆಸರೆ) ಬಿಚ್ಚುತ್ತಿದ್ದ 30ರ ಹುಡುಗ ಮೂರನೇ ಮಹಡಿಯಿಂದ ಲಿಫ್ಟ್ ಗುಂಡಿಗೆ ಬಿದ್ದು ತೀರಿಹೋಗಿದ್ದ. ರಾಯಚೂರು ಕಡೆಯವನು, ಎರಡು ಮಕ್ಕಳು.

"ಗುಂಡಿಗೆ ಅಡ್ಡ ಕಟ್ಟಿರಲಿಲ್ಲವೇ?"

"ಚದರಕ್ಕೆ ಇಷ್ಟು ಅಂತ ಒಪ್ಪಿಕೊಂಡ ಮೇಲೆ ಹಲಗೆ, ಬಲೆ, ಬೆಲ್ಟು ಅಂತ ಕೂತ್ರೆ ನಮಗೇನು ಉಳಿಯುತ್ತೆ ಸರ್?" ಎಂದವರೇ ಅತ್ತುಬಿಟ್ಟರು.

ನಿಮ್ಮ ತಪ್ಪಿಲ್ಲ ಎಂದು ನಾನು ಹೇಳಲಿಲ್ಲ. ಮನೆಯವರೆಲ್ಲ ಅದನ್ನೇ ಹೇಳಿದ್ದರು, ಅವರು ನಂಬಿರಲಿಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಮಲಗುವ ಮುಂಚೆ ಕುಡಿಯುವುದನ್ನು ಬಿಡಿ ಎಂದೆ.

ಆ ಕುಟುಂಬಕ್ಕೆ ಎರಡು ಲಕ್ಷ ಕೊಟ್ಟು, ಸಹಿ ಹಾಕಿಸಿಕೊಂಡು ಮುಗಿಸಿ ಎಂದು ಪರಿಚಯದವರು ಹೇಳಿದ್ದರಂತೆ. ನನಗೆ ಸಿಟ್ಟು ಬಂತು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕವನ್ನು ಅವರ ಕೈಯಲ್ಲೇ ಬರೆಸಿದೆ: ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ ಆಗ ತಿಂಗಳಿಗೆ 15,000, ಅದರ ಅರ್ಧ 7,500, ಕಾಯ್ದೆಯ ಪಟ್ಟಿಯಲ್ಲಿ 30ರ ವಯಸ್ಸಿಗೆ ಗುಣಕ 207.98. ಬಂದ ಮೊತ್ತ 15,59,850 ರೂಪಾಯಿ. ಹಕ್ಕು ಬಿಟ್ಟುಕೊಟ್ಟಂತೆ ಬರೆಸಿಕೊಂಡ ಪತ್ರ ನಿಲ್ಲದು. ಹಣವನ್ನು ಆ ಕಾಯ್ದೆಯ ಪರಿಹಾರ ಆಯುಕ್ತರ ಬಳಿಯೇ ಠೇವಣಿ ಇಡಬೇಕು. ತಿಂಗಳು ಮೀರಿದರೆ ವರ್ಷಕ್ಕೆ ಶೇ. 12 ಬಡ್ಡಿ ಎಂದೆ. ಉಳಿದದ್ದಕ್ಕೆ ವಕೀಲರ ಹತ್ತಿರ ಕಳಿಸಿದೆ.

ಕೆಳಗೆ ಇನ್ನಷ್ಟು ಬರೆಯಿರಿ ಎಂದೆ: ಕೆಲಸ ನಿಂತ ದಿನಗಳು, ಬಟವಾಡೆ ಪಡೆದು ಊರಿಗೆ ಹೊರಟುಹೋದ ಗ್ಯಾಂಗು, ಬಾಡಿಗೆ ಏರುತ್ತಿರುವ ಸೆಂಟ್ರಿಂಗ್ ಶೀಟು, ಜಾಕಿ. ಕೊನೆಗೆ ಆ ಗುಂಡಿಗೆ ಬೇಕಿದ್ದ ಹಲಗೆಯ ಬೆಲೆ. ಅಲ್ಲಿ ಪೆನ್ನು ನಿಂತಿತು. ಹಲಗೆ ಸೈಟಿನಲ್ಲೇ ಬಿದ್ದಿತ್ತು. ಬೇಕಿದ್ದದ್ದು ಒಬ್ಬ ಆಳಿನ ಅರ್ಧ ದಿನ.

ನಾನು ಕೊಟ್ಟ ಸಲಹೆ ಮೂರೇ. ಠೇವಣಿ ಇಟ್ಟ ಮೇಲೆ ರಾಯಚೂರಿಗೆ ಹೋಗಿ, ಅವರು ಬೈದರೆ ಕೇಳಿಸಿಕೊಳ್ಳಿ. ಕೊಟೇಶನ್ನಿನಲ್ಲಿ ಬಲೆ, ಬೆಲ್ಟು, ಅಡ್ಡಗಟ್ಟಿಗೆ ಬೇರೆಯೇ ಸಾಲು ಹಾಕಿ, ಚೌಕಾಸಿಯಲ್ಲಿ ಅದನ್ನು ಮುಟ್ಟಬೇಡಿ. ಬೆಳಿಗ್ಗೆ ಕೆಲಸಕ್ಕೆ ಮೊದಲು ತೆರೆದ ಗುಂಡಿ, ಅಂಚುಗಳನ್ನೆಲ್ಲ ನೀವೇ ನೋಡಿ ಬನ್ನಿ.

ನಾಲ್ಕನೇ ಭೇಟಿಗೆ ಬಂದಾಗ ಆ ಸಾಲಿನಿಂದಾಗಿ ಒಂದು ಮನೆ ಕೈತಪ್ಪಿತ್ತು, ಇನ್ನೊಂದು ಸಿಕ್ಕಿತ್ತು. ರಾಯಚೂರಿನಲ್ಲಿ ಹುಡುಗನ ತಾಯಿ ಮಾತಾಡಿಸಲಿಲ್ಲವಂತೆ. ನಿದ್ದೆ ಈಗ ನಾಲ್ಕರವರೆಗೆ ಬರುತ್ತದೆ ಎಂದರು.