ಹೊರಟ ದಿನವೇ ತಲುಪುವ ದೂರದ ಊರು

ಪ್ರಶ್ನೆ: ನಮ್ಮ ಮಗಳು ಜನವರಿಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ತಡೆರಹಿತ ವಿಮಾನದಲ್ಲಿ ಹೋದಳು. ಮಧ್ಯಾಹ್ನ 2 ಗಂಟೆಗೆ ಹೊರಟವಳು ಅದೇ ತಾರೀಖು ಸಂಜೆ 4.30ಕ್ಕೆ ಇಳಿದೆ ಎನ್ನುತ್ತಾಳೆ. ಇದು ಹೇಗೆ? ಭೂಪಟದಲ್ಲಿ ಅಮೆರಿಕ ಪಶ್ಚಿಮಕ್ಕಿದೆ. ವಿಮಾನ ಜಪಾನಿನ ಕಡೆಗೆ ಹೋಯಿತಂತೆ. ಮುಂದಿನ ವರ್ಷ ನಾವಿಬ್ಬರೂ ಹೊರಡುವವರಿದ್ದೇವೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿಯಾಗಿಯೇ ಇದೆ. ಮೊದಲು ದೂರದ ಮಾತು. ಗೋಡೆಯ ಭೂಪಟವನ್ನು ಬಿಟ್ಟು ಮಕ್ಕಳು ಓದಲು ಬಳಸುವ ಗ್ಲೋಬ್ ಒಂದನ್ನು ತೆಗೆದುಕೊಂಡು, ಎರಡೂ ಊರುಗಳ ಮೇಲೆ ಬೆರಳಿಟ್ಟು ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿ. ದಾರವು ಪಶ್ಚಿಮಕ್ಕೆ ಹೋಗದೆ ಉತ್ತರಕ್ಕೆ ಏರಿ, ಚೀನಾ ಮತ್ತು ಸೈಬೀರಿಯಾಗಳನ್ನು ದಾಟಿ, ಅಲಾಸ್ಕಾದ ಮೇಲಿಂದ ಇಳಿದುಬರುತ್ತದೆ. ಅತಿ ಹತ್ತಿರದ ಈ ದಾರಿಯೇ ಸುಮಾರು 14,000 ಕಿ.ಮೀ. ಇದೆ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದರೆ ಅದು 16,500 ಕಿ.ಮೀ. ದಾಟುತ್ತದೆ, ಕಾಯುವ ಹೊತ್ತೂ ಸೇರಿ ಪ್ರಯಾಣ ಒಂದು ದಿನದಷ್ಟಾಗುತ್ತದೆ.

ಆದರೆ ಪೈಲಟ್‌ಗಳು ದಾರದ ಗೆರೆಯನ್ನೇ ಹಿಡಿಯುವುದಿಲ್ಲ. ಒಂಬತ್ತು-ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿಯ ಹೊನಲಿದೆ. ಇದಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಜಪಾನ್ ಮತ್ತು ಶಾಂತ ಸಾಗರದ ಮೇಲೆ ಇದು ಬಲು ಜೋರಾಗಿರುವುದರಿಂದ, ದಾರಿ ಸ್ವಲ್ಪ ಸುತ್ತಾದರೂ ಗಾಳಿ ಬೆನ್ನಿಗಿರಲಿ ಎಂದು ಆ ಕಡೆಯಿಂದ ಹೋಗುತ್ತಾರೆ. ಹೋಗುವಾಗ ಸುಮಾರು 16 ಗಂಟೆ ಸಾಕಾದರೆ, ಅದೇ ಗಾಳಿಯ ಕಾರಣದಿಂದ ಬರುವಾಗ 17 ಗಂಟೆ ದಾಟುವುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ವಿಮಾನವನ್ನು ತಂದದ್ದು ನೆನಪಿರಬಹುದು. ಅದಕ್ಕೂ ಸುಮಾರು 17 ಗಂಟೆ ಹಿಡಿದಿತ್ತು.

ಇನ್ನು ಗಡಿಯಾರದ ವಿಷಯ. ಜನವರಿಯಲ್ಲಿ ಅಲ್ಲಿನ ಸಮಯ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಮುಂದಿಡುವುದರಿಂದ ಈ ವ್ಯತ್ಯಾಸ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಮಗಳು ಇಳಿದಾಗ ಶಿವಮೊಗ್ಗದಲ್ಲಿ ಮರುದಿನ ಬೆಳಗಿನ ಆರು ಗಂಟೆ. ಹದಿನಾರು ಗಂಟೆಗಳೂ ಕಳೆದೇ ಇದ್ದವು. ಬರುವಾಗ ಇದು ತಿರುಗುಮುರುಗಾಗುತ್ತದೆ: ಜನವರಿ 10ರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು ಹದಿನೇಳೂವರೆ ಗಂಟೆ ಹಾರಿದರೆ, ಬೆಂಗಳೂರಿನಲ್ಲಿ ಇಳಿಯುವಾಗ 12ನೆಯ ತಾರೀಖಿನ ಬೆಳಗಿನ ಜಾವ 4 ಗಂಟೆಯಾಗಿರುತ್ತದೆ. ಟಿಕೆಟ್ಟಿನಲ್ಲಿ ಎರಡೂ ಕಡೆ ಆಯಾ ಊರಿನ ಸಮಯವನ್ನೇ ಅಚ್ಚು ಮಾಡಿರುತ್ತಾರೆ; ಅವುಗಳನ್ನು ಕಳೆದು ಲೆಕ್ಕ ಹಾಕಬೇಡಿ.

ನಿಮ್ಮಲ್ಲಿ ಯಾರಾದರೂ ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ದಾರಿಯಲ್ಲಿ ಯಾವ ಹೊತ್ತಿಗೆ ಎಷ್ಟು ಎಂಬುದನ್ನು ಹೊರಡುವ ಮುನ್ನವೇ ವೈದ್ಯರಿಂದ ಬರೆಸಿಕೊಳ್ಳಿ. ಇಳಿಯುವವರೆಗೂ ಒಂದು ಕೈಗಡಿಯಾರದಲ್ಲಿ ಭಾರತದ ಸಮಯವೇ ಇರಲಿ.