ಪರ್ಬಕ್ಕೆ ಓರಗಿತ್ತಿ ಬರ್ತಾಳೆ, ಗೋಡೆ ನೋಡಿದ್ರೆ ಅಳು ಬರ್ತದೆ

ಪ್ರಶ್ನೆ: ಅಕ್ಕಾ, ನಮ್ಮದು ಉಡುಪಿ ಬದಿಯ ಕಟಪಾಡಿ ಹತ್ತಿರ ಹಂಚಿನ ಮನೆ, ಗಂಡನ ಅಜ್ಜ ಕಟ್ಟಿಸಿದ್ದು, ಕೆಂಪುಕಲ್ಲಿನ ಗೋಡೆ. ಈ ಸಲ ದೀಪಾವಳಿಗೆ ಮುಂಬಯಿಯಿಂದ ಬಾವ, ಓರಗಿತ್ತಿ, ಅವರ ಇಬ್ಬರು ಮಕ್ಕಳು, ಓರಗಿತ್ತಿಯ ಅಮ್ಮ ಬರ್ತಾರೆ, ಐದು ದಿನ ಇರ್ತಾರೆ. ಇನ್ನು ಮೂರು ವಾರ ಉಂಟು ಅಷ್ಟೆ. ಕಳೆದ ಸಲ ಬಂದಾಗ, ಆರು ವರ್ಷ ಆಯ್ತು, ಓರಗಿತ್ತಿ ನಮ್ಮ ಹಾಲ್‌ನ ಪಡುಬದಿ ಗೋಡೆ ಎದುರು ನಿಂತು ಸೆಲ್ಫಿ ತೆಗ್ದಿದ್ಳು, ಮಳೆಗಾಲದಲ್ಲಿ ಬೂಸ್ಟು ಹಿಡಿದು ಕಪ್ಪಾಗುವ ಗೋಡೆ ಅದು. ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ "ಊರ ಮನೆ, ಎಂತದೂ ಚೇಂಜ್ ಆಗ್ಲಿಲ್ಲ" ಅಂತ ಬರ್ದು ಒಂದು ನಗುವ ಇಮೋಜಿ. ನಂಗೆ ಅದು ಇವತ್ತಿಗೂ ಮರೆತಿಲ್ಲ. ಈ ಸಲ ಒಬ್ಬರನ್ನು ಕರೆಸಿ ಲೆಕ್ಕ ಕೇಳಿದೆ, ಪೈಂಟ್, ಜಿಪ್ಸಂ ಸೀಲಿಂಗ್, ಹೊಸ ಸೋಫಾ, ಲೈಟ್ ಎಲ್ಲ ಸೇರಿ 1,80,000 ಅಂದ್ರು. ಗಂಡ "ಎಂತಕ್ಕೆ ಸುಮ್ನೆ" ಅಂತ ಹೇಳಿ ಮೊಬೈಲ್ ನೋಡ್ಲಿಕ್ಕೆ ಕೂತ್ರು. ಅಮ್ಮ ಕೊಟ್ಟ ನಾಲ್ಕು ಬಳೆ ಅಡವಿಟ್ಟು, ಚೀಟಿ ಹಣ ಬಂತು ಅಂತ ಇವರಿಗೆ ಹೇಳುವ ಅಂತ ಮಾಡಿದ್ದೇನೆ. ಅತ್ತೆಗೆ ಇದು ಯಾವುದೂ ಬೇಡ, ಅಟ್ಟದಲ್ಲಿ ಹಳೇ ಗೂಡುದೀಪದ ಬಿದಿರಿನ ಗೂಡು ಉಂಟು, ಒಂದು ಕಡ್ಡಿ ಮುರಿದಿದೆ, ಅದನ್ನು ಸರಿ ಮಾಡು ಅಂತ ದಿನಾ ಅದೊಂದೇ ಮಾತು. ಮಾಡ್ಲಾ ಬೇಡ್ವಾ ಹೇಳಿ. (ಹೆಸರು ಬೇಡ)

ಉತ್ತರ: ಮೊದ್ಲು ಆ ಬಳೆ ಎತ್ತಿ ಕಪಾಟಿನೊಳಗೆ ಇಡಿ ಮಾರಾಯ್ರೆ, ಮತ್ತೆ ಮಾತಾಡುವ.

ಅಡವಿಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ, ನಮ್ಮ ಕಡೆ ಬಂಗಾರ ಮಾಡಿಸುವುದೇ ಕಷ್ಟಕ್ಕೆ ಆಗ್ಲಿ ಅಂತ. ಆದ್ರೆ ಇದು ಕಷ್ಟ ಅಲ್ಲ, ಇದು ಇಮೋಜಿ. ಬಡ್ಡಿ ನೂರಕ್ಕೆ ಹತ್ತು ಅಂತ ಹಿಡಿದ್ರೂ 1,80,000ಕ್ಕೆ ವರ್ಷಕ್ಕೆ 18,000 ಆಯ್ತು, ತಿಂಗಳಿಗೆ 1,500, ಅಸಲು ಬೇರೆ, ಅದೂ ಗಂಡನಿಗೆ ಗೊತ್ತಾಗದ ಹಾಗೆ ಕಟ್ಟಬೇಕು ಅಂದ್ರೆ ಪ್ರತಿ ತಿಂಗಳು ಒಂದು ಹೊಸ ಸುಳ್ಳು ಹುಡುಕ್ಬೇಕು, ನಿಮಗೆ ಅಷ್ಟೆಲ್ಲ ನೆನಪು ಇಟ್ಕೊಳ್ಳಲಿಕ್ಕೆ ಆಗ್ತದಾ? ನಂಗಂತೂ ಆಗ್ಲಿಕ್ಕಿಲ್ಲ. ಮತ್ತೆ ಹಬ್ಬದ ದಿನವೇ ಅತ್ತೆ "ಬಳೆ ಎಲ್ಲಿ, ಹಾಕ್ಲಿಲ್ವಾ" ಅಂತ ಎಲ್ಲರ ಎದುರು ಕೇಳ್ತಾರೆ, ಅತ್ತೆಯಂದಿರು ಅದನ್ನು ಕೇಳಿಯೇ ಕೇಳ್ತಾರೆ.

ಈಗ ಗೋಡೆಗೆ ಬರುವ, ಯಾಕಂದ್ರೆ ನಿಮ್ಮ ಪತ್ರದಲ್ಲಿ ಓರಗಿತ್ತಿಗಿಂತ ಜಾಸ್ತಿ ನಂಗೆ ಆ ಗೋಡೆಯದ್ದೇ ಚಿಂತೆ ಆದದ್ದು. ನಮ್ಮ ಕರಾವಳಿಗೆ ವರ್ಷಕ್ಕೆ 3500 ಮಿಲಿಮೀಟರ್ ಮೇಲೆ ಮಳೆ, ಅದ್ರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುವುದು, ಗಾಳಿ ಕಡಲಿನ ಕಡೆಯಿಂದ, ಹಾಗಾಗಿ ಪಡುಬದಿ ಗೋಡೆಗೆ ನಾಲ್ಕು ತಿಂಗಳು ಹೊಡೆದದ್ದೇ ಹೊಡೆದದ್ದು. ಕೆಂಪುಕಲ್ಲು ಬೇರೆ ತೂತುತೂತಿನ ಕಲ್ಲು, ನೀರು ಕುಡೀತದೆ, ಕುಡಿದದ್ದನ್ನು ನಿಧಾನ ಬಿಡ್ತದೆ. ಅಕ್ಟೋಬರ್‌ನಲ್ಲಿ ಎರಡು ದಿನ ಬಿಸಿಲು ಬಂದ ಕೂಡ್ಲೇ ಮೇಲಿಂದ ಒಣಗಿದ ಹಾಗೆ ಕಾಣ್ತದೆ, ಒಳಗೆ ಒಣಗಿರುವುದಿಲ್ಲ. ಅದರ ಮೇಲೆ ಪ್ಲಾಸ್ಟಿಕ್ ಪೈಂಟ್ ಬಳಿದ್ರೆ ನೀರಿಗೆ ಹೊರಗೆ ಬರ್ಲಿಕ್ಕೆ ದಾರಿ ಇಲ್ಲ, ಪೈಂಟನ್ನೇ ದೂಡಿಕೊಂಡು ಬರ್ತದೆ.

ಇದು ಓದಿ ಹೇಳುವುದಲ್ಲ, ಅನುಭವಿಸಿ ಹೇಳುವುದು. ಮಗಳ ಮದುವೆ ಆದ ವರ್ಷ ಅವಳ ಮಾವ ಅತ್ತೆ ಮೊದಲ ದೀಪಾವಳಿಗೆ ಮಂಗಳೂರಿನ ನಮ್ಮ ಮನೆಗೆ ಬರುವವರಿದ್ರು, ನಾನು ನಿಮ್ಮ ಹಾಗೇ ಗಡಿಬಿಡಿ ಮಾಡಿ ಎಂಟು ದಿನ ಇರುವಾಗ ಪೈಂಟ್ ಮಾಡಿಸಿದೆ, ಮಾಡಿದವ್ರು "ಎಂತ ಆಗುದಿಲ್ಲ ಅಮ್ಮ" ಅಂತ ಹೇಳಿ ಹಣ ತಕೊಂಡು ಹೋದ್ರು. ಬೀಗರು ಬಂದ ಮೂರನೇ ದಿನ ಗೋಡೆಯಲ್ಲಿ ಒಂದು ಗುಳ್ಳೆ, ಹಪ್ಪಳದಲ್ಲಿ ಬರ್ತದಲ್ಲ ಹಾಗೆ. ಬೀಗರು ಚಾ ಕುಡೀತಾ ಅಡಿಕೆ ರೇಟಿನ ಬಗ್ಗೆ ಮಾತಾಡ್ತಾ ಮಾತಾಡ್ತಾ ಆ ಗುಳ್ಳೆಯನ್ನು ಉಗುರಲ್ಲಿ ಒತ್ತಿದ್ರು, ಟಪ್ ಅಂತ ಒಡೆದು ಒಳಗಿನ ಒದ್ದೆ ಹುಡಿ ಅಷ್ಟೂ ಅವರ ಗ್ಲಾಸಿಗೆ. ಅವರು ಎಂತ ಹೇಳ್ಲಿಲ್ಲ, ಚಾ ಮೆಲ್ಲ ಕೆಳಗೆ ಇಟ್ರು. ಆ ಇಟ್ಟ ಶಬ್ದ ನಂಗೆ ಈಗ್ಲೂ ಕೇಳ್ತದೆ.

ಹಾಗಾಗಿ ನೀವು ಇವತ್ತೇ ಒಂದು ಕೆಲಸ ಮಾಡಿ, ಖರ್ಚಿಲ್ಲದ್ದು. ಒಂದು ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ತುಂಡು ಆ ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪ್ ಹಚ್ಚಿ ಎರಡು ದಿನ ಬಿಡಿ. ಪ್ಲಾಸ್ಟಿಕ್‌ನ ಒಳಬದಿ, ಅಂದ್ರೆ ಗೋಡೆ ಕಡೆ, ಬೆವರು ನಿಂತ್ರೆ ಗೋಡೆಯೊಳಗೆ ಇನ್ನೂ ನೀರುಂಟು ಅಂತ ಲೆಕ್ಕ, ಪೈಂಟ್ ಮಾತೇ ಬೇಡ, ಜನವರಿ ಕಳೀಲಿ. ಹೊರಬದಿ ಮಾತ್ರ ತೇವ ಇದ್ರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗ್ದಿಟ್ಟು ಫ್ಯಾನ್ ಹಾಕಿದ್ರೆ ಮುಗೀತು. ಬೂಸ್ಟು ಒರೆಸ್ಲಿಕ್ಕೆ ಬ್ಲೀಚಿಂಗ್ ಪೌಡರ್ ಕದಡಿದ ನೀರು ಸಾಕು, ಮೂಗಿಗೆ ಬಟ್ಟೆ ಕಟ್ಕೊಳ್ಳಿ, ಕೈಗೆ ಗ್ಲೌಸ್ ಹಾಕಿ, ಮತ್ತೆ ದಯವಿಟ್ಟು ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೇರಿಸ್ಬೇಡಿ, ಎರಡೂ ಸೇರಿದ್ರೆ ಬರುವ ಗ್ಯಾಸ್ ವಿಷ. ಗೋಡೆಗೆ ಮೊದಲಿಂದ ಸುಣ್ಣವೇ ಇರುವುದಾದ್ರೆ ಒರೆಸಿ ಒಣಗಿದ ಮೇಲೆ ಎರಡು ಕೈ ಸುಣ್ಣ ಹೊಡೆಸಿ, ಸುಣ್ಣ ಗೋಡೆಗೆ ಉಸಿರಾಡ್ಲಿಕ್ಕೆ ಬಿಡ್ತದೆ, ಬೂಸ್ಟಿಗೂ ಅದು ಆಗಿ ಬರುವುದಿಲ್ಲ. ಮೊದ್ಲೇ ಪೈಂಟ್ ಆಗಿರುವ ಗೋಡೆಯಾದ್ರೆ ಸುಣ್ಣ ಹಿಡಿಯುವುದಿಲ್ಲ, ಸುಮ್ನೆ ಕೈ ಹಾಕ್ಬೇಡಿ.

ಜಿಪ್ಸಂ ಸೀಲಿಂಗ್ ಬಗ್ಗೆ ನಂಗೆ ನಿಜವಾಗ್ಲೂ ಸಿಟ್ಟು ಬಂತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನ ಪಾದ್ರಿಗಳು 1865ರಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದ ಮೇಲೆ ಈ ಊರಿನ ಎಷ್ಟು ಮನೆಗಳು ಈ ಹಂಚಿನ ಅಡಿಯಲ್ಲೇ ಬಾಳಿದ್ದು ಅಂತ ಲೆಕ್ಕ ಉಂಟಾ, ಒಂದಕ್ಕೊಂದು ಕೊಕ್ಕೆ ಹಾಕಿ ಕೂರುವ ಆ ಹಂಚಿನ ಸಂದಿನಿಂದ ಬಿಸಿಗಾಳಿ ಹೊರಗೆ ಹೋಗ್ತದೆ, ಅದೇ ಅದರ ಏಸಿ. ಕೆಳಗೆ ಬೋರ್ಡ್ ಹೊಡೆದು ಮುಚ್ಚಿದ್ರೆ ಎಲ್ಲಿ ಸೋರ್ತದೆ ಕಾಣುವುದಿಲ್ಲ, ಹಂಚು ಹೊರುವ ಮರದ ಪಕ್ಕಾಸು ರೀಪಿಗೆ ಗೆದ್ದಲು ಹತ್ತಿದ್ರೆ ಕಾಣುವುದಿಲ್ಲ, ಇಲಿಗಳಿಗೆ ಮಾತ್ರ ಒಂದು ಒಳ್ಳೆ ಫ್ಲಾಟ್ ಆಯ್ತು. ಆ ಹಣದಲ್ಲಿ ಒಂದು ಸಣ್ಣ ತುಂಡು ಸಾಕು, ಮಾಡು, ಅಂದ್ರೆ ಹಂಚಿನ ಛಾವಣಿ, ಹತ್ತುವವರನ್ನು ಒಂದು ದಿನಕ್ಕೆ ಕರೆಸಿ ಒಡೆದ ಹಂಚು ಬದಲಿಸಿ, ಕಸ ಎಲೆ ತೆಗೆಸಿ. ಪಡುಬದಿ ಗೋಡೆಗೆ ನೀರು ಮೇಲಿಂದಲೇ ಇಳಿಯುವುದೂ ಇರ್ಬಹುದು.

ಮತ್ತೆ ಒಂದು ಮಾತು, ಮನೆ ಪಾಲಾಗಿದೆಯಾ ಇಲ್ವಾ ನೀವು ಬರೀಲಿಲ್ಲ. ಅಜ್ಜನ ಮನೆ ಪಾಲಾಗಿಲ್ಲ ಅಂದ್ರೆ ಆ ಗೋಡೆಯಲ್ಲಿ ಬಾವನದ್ದೂ ಪಾಲು ಉಂಟಲ್ಲ, ಹಾಗಿರುವಾಗ ಅವರದ್ದೇ ಗೋಡೆ ಅವರಿಗೆ ಚಂದ ಕಾಣ್ಲಿ ಅಂತ ನಿಮ್ಮ ತಾಯಿ ಕೊಟ್ಟ ಬಳೆ ಯಾಕೆ ಹೋಗ್ಬೇಕು? ಈ ಮಾತು ನೀವಾಗಿ ಎತ್ತಿದ್ರೆ ಚಂದ ಇರುವುದಿಲ್ಲ. ನಿಮ್ಮ ಗಂಡ ಮೊಬೈಲ್ ಕೆಳಗಿಟ್ಟು ಅಣ್ಣನಿಗೆ ಒಂದು ಫೋನ್ ಮಾಡಿ "ಮಾಡಿನ ರಿಪೇರಿ ಆಗ್ಲಿಕ್ಕುಂಟು, ಬಂದಾಗ ಒಟ್ಟಿಗೆ ನೋಡುವ" ಅಂತ ಹೇಳ್ಬೇಕು. "ಎಂತಕ್ಕೆ ಸುಮ್ನೆ" ಅಂದವ್ರಿಗೆ ಅಷ್ಟಾದ್ರೂ ಕೆಲಸ ಬೇಡ್ವಾ.

ಇನ್ನು ಆ ಇಮೋಜಿ. ಓರಗಿತ್ತಿ ಮನಸ್ಸಲ್ಲಿ ಎಂತ ಇತ್ತು ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. "ಎಂತದೂ ಚೇಂಜ್ ಆಗ್ಲಿಲ್ಲ" ಅನ್ನುವುದನ್ನು ಮುಂಬಯಿಯ ಎರಡು ರೂಮಲ್ಲಿ ಕೂತವರು ಹೊಟ್ಟೆ ಉರಿದೂ ಹೇಳ್ತಾರೆ, ಆಸೆಯಲ್ಲೂ ಹೇಳ್ತಾರೆ. ಒಂದುವೇಳೆ ಕೊಂಕೇ ಅಂತ ಇಟ್ಕೊಳ್ಳುವ. ಕೊಂಕು ಮಾತಾಡುವ ಬಾಯಿ ಜಿಪ್ಸಂ ನೋಡಿ ಮುಚ್ತದೆ ಅಂತ ನೀವು ಎಣಿಸಿದ್ರಾ? "ಛೇ, ಹಳೇ ಮನೆಯ ಚಂದ ಎಲ್ಲ ಹಾಳು ಮಾಡಿದ್ರು" ಅಂತ ಇನ್ನೊಂದು ಸೆಲ್ಫಿ ಬರ್ತದೆ ಅಷ್ಟೆ.

ನೀವು ನಿಜವಾಗಿ ಸರಿ ಮಾಡ್ಬೇಕಾದ್ದು ಬಾತ್‌ರೂಮ್. ಅವರು ರೈಲಲ್ಲಿ ಬರುವುದಾದ್ರೆ ಇಂದ್ರಾಳಿಯ ಉಡುಪಿ ಸ್ಟೇಷನ್ನಲ್ಲಿ ಇಳಿದು ಮನೆಗೆ ಮುಟ್ಟುವಾಗ ರಾತ್ರಿ ಇಡೀ ನಿದ್ದೆಗೆಟ್ಟಿರ್ತಾರೆ, ಅಂಥವರು ಸೀಲಿಂಗ್ ನೋಡುವುದಿಲ್ಲ, ಬಾತ್‌ರೂಮ್ ಎಲ್ಲಿ ಅಂತ ನೋಡುವುದು. ಚಿಲಕ ಸರಿ ಬೀಳ್ತದಾ, ಒಳಗೆ ಬಲ್ಬು ಉಂಟಾ, ಬಟ್ಟೆ ನೇತು ಹಾಕ್ಲಿಕ್ಕೆ ನಾಲ್ಕು ಮೊಳೆ, ಒಂದು ಹೊಸ ಬಾಲ್ದಿ, ಅಜ್ಜಿಗೆ ಕೂತು ಮೀಯ್ಲಿಕ್ಕೆ ಒಂದು ಸ್ಟೂಲ್, ಜಾರುವ ಕಡೆ ಪಾಚಿ ಉಜ್ಜಿ ತೆಗೀರಿ. ಬಾತ್‌ರೂಮ್ ಒಂದೇ ಇರುವುದಾದ್ರೆ ಫೋನಲ್ಲೇ ಮೊದ್ಲೇ ಹೇಳಿ, ನಾಚಿಕೆ ಎಂತಕ್ಕೆ. ಹಾಸಿಗೆ ತಲೆದಿಂಬು ಎಲ್ಲ ಮೂರು ದಿನ ಬಿಸಿಲಿಗೆ ಹಾಕಿ ಬಡೀರಿ, ಮಳೆಗಾಲದ ವಾಸನೆ ನಮಗೆ ಗೊತ್ತಾಗುವುದಿಲ್ಲ, ಬಂದವರಿಗೆ ತಲೆ ಇಟ್ಟ ಕೂಡ್ಲೇ ಗೊತ್ತಾಗ್ತದೆ. ರೆಡ್ ಆಕ್ಸೈಡ್ ನೆಲ ಇದ್ರೆ ಆಸಿಡ್ ತಾಗಿಸ್ಬೇಡಿ, ಬಟ್ಟೆಗೆ ನಾಲ್ಕೇ ಹನಿ ತೆಂಗಿನೆಣ್ಣೆ ಹಾಕಿ ತಿಕ್ಕಿದ್ರೆ ಕನ್ನಡಿ, ಆದ್ರೆ ಅದನ್ನು ಒಂದು ವಾರ ಮೊದ್ಲೇ ಮಾಡಿ, ಹಬ್ಬದ ಹಿಂದಿನ ದಿನ ಮಾಡಿ ಅಜ್ಜಿಯನ್ನು ಜಾರಿಸ್ಬೇಡಿ.

ಹೂವಿಗೆ ನೀವು ತಲೆ ಕೆಡಿಸ್ಕೊಳ್ಳುವುದೇ ಬೇಡ, ಮಲ್ಲಿಗೆ ಬೆಳೆಯುವ ಶಂಕರಪುರ ನಿಮ್ಮ ಬಗ್ಲಲ್ಲೇ. ಆದ್ರೆ ಬಾಗಿಲಿಗೆಲ್ಲ ಮಲ್ಲಿಗೆ ಇಳಿಬಿಡ್ತೇನೆ ಅಂತ ಹೊರಡ್ಬೇಡಿ, ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಹಬ್ಬದ ಹೊತ್ತಿಗೆ ರೇಟ್ ಕೇಳಿದ್ರೆ ಮಂಡೆ ಬಿಸಿ ಆಗ್ತದೆ, ಅದೂ ಸಂಜೆಗೆ ಬಾಡ್ತದೆ. ಬಾಗಿಲಿಗೆ ಗೊಂಡೆ ಹೂ ಮಾವಿನೆಲೆ, ಮಲ್ಲಿಗೆ ದೇವರಿಗೆ ಮತ್ತೆ ಜಡೆಗೆ. ಓರಗಿತ್ತಿ ಜಡೆಗೆ ನೀವೇ ಮುಡಿಸಿ, ಅವಳಿಗೆ ಅಲ್ಲಿ ಈ ಮಲ್ಲಿಗೆ ದಿನಾ ಸಿಗುವುದಿಲ್ಲ. ಅಡುಗೆ ವಿಷಯ ನೀವು ಕೇಳ್ಲಿಲ್ಲ, ನಾನು ಹೇಳುವುದೂ ಇಲ್ಲ, ಕಟಪಾಡಿಯವರಿಗೆ ನಾನು ಗಟ್ಟಿ ಅಂತ ಹೇಳುವ ಕಡುಬು ಮಾಡ್ಲಿಕ್ಕೆ ಕಲಿಸುವುದಾ.

ಒಂದೇ ಒಂದು, ಎಲ್ಲ ಮೊದ್ಲೇ ಮಾಡಿ ಮುಗಿಸಿಡ್ಬೇಡಿ. ನೀರು ತುಂಬುವ ದಿನ ಹಂಡೆ ಉಜ್ಜಿ ಇಡಿ, ಶೇಡಿ, ಅಂದ್ರೆ ಬಿಳಿ ಮಣ್ಣು, ಕದಡಿ ಗೆರೆ ಎಳೆಯುವ ಕೆಲಸ ಆ ಇಬ್ಬರು ಮಕ್ಕಳಿಗೆ ಬಿಡಿ. ಎಳೆಯುವಾಗ ಒದ್ದೆ ಶೇಡಿ ಕಾಣುವುದೇ ಇಲ್ಲ, "ಆಂಟಿ, ಎಂತದೂ ಬರ್ಲಿಲ್ಲ" ಅಂತ ಮುಖ ಸಣ್ಣ ಮಾಡ್ತಾರೆ, ಹತ್ತು ನಿಮಿಷ ಬಿಟ್ಟು ನೋಡಿದ್ರೆ ಒಣಗಿ ಬೆಳ್ಳಗೆ ಎದ್ದು ಬಂದಿರ್ತದೆ, ಆಗ ಅವರ ಮುಖ ನೋಡ್ಬೇಕು ನೀವು. ಬಲೀಂದ್ರನಿಗೆ, ಅಂದ್ರೆ ಬಲಿ ಚಕ್ರವರ್ತಿಗೆ, ಕೂ ಅಂತ ಕೂಗು ಹಾಕ್ಲಿಕ್ಕೆ ಬಾವನನ್ನೇ ಗದ್ದೆಗೆ ಕಳಿಸಿ, ಆರು ವರ್ಷದಿಂದ ಅವರ ಗಂಟಲಲ್ಲಿ ಆ ಕೂ ಸಿಕ್ಕಿಕೊಂಡಿರ್ಬಹುದು.

ಗೂಡುದೀಪದ ವಿಷಯದಲ್ಲಿ ನಾನು ನಿಮ್ಮ ಅತ್ತೆ ಕಡೆ. ಗೂಡು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಕಾಗದ ಮಾತ್ರ ಅಂಟಿಸ್ಬೇಡಿ, ಅದು ಓರಗಿತ್ತಿ ಬಂದ ಮೇಲೆ. ಕೆಂಪು ಹಳದಿ ಗ್ಲಾಸ್ ಪೇಪರ್ ತಂದಿಟ್ಟು, ಮೈದಾ ಅಂಟು ಒಂದು ಪಾತ್ರೆಯಲ್ಲಿ ಕಾಯಿಸಿಟ್ಟು, ಸಂಜೆ ಚಾವಡಿಯಲ್ಲಿ ಎಲ್ಲ ಕೂತುಕೊಳ್ಳಿ, ಅತ್ತೆ ಹೇಳ್ಲಿ, ಉಳಿದವರು ಅಂಟಿಸ್ಲಿ. ಕೈಯೆಲ್ಲ ಅಂಟಾಗಿರುವಾಗ ಮೊಬೈಲ್ ಮುಟ್ಲಿಕ್ಕೆ ಆಗುವುದಿಲ್ಲ, ಅದೊಂದು ಲಾಭ. ಒಳಗೆ ಕ್ಯಾಂಡಲ್ ಬೇಡ, ಸಣ್ಣ ಎಲ್‌ಇಡಿ ಬಲ್ಬು ಹಾಕಿ. ಮತ್ತೆ ಆ ಮುರಿದ ಕಡ್ಡಿಗೆ ಬಿದಿರು ಹುಡುಕಿಕೊಂಡು ಹೋಗ್ಬೇಡಿ, ಹಿಡಿಸೂಡಿಯಿಂದ ದಪ್ಪದ ಎರಡು ತೆಂಗಿನ ಕಡ್ಡಿ ಎಳೆದು ಜೋಡಿಸಿ, ನೂಲಲ್ಲಿ ಬಿಗಿಯಾಗಿ ಸುತ್ತಿದ್ರೆ ನಿಲ್ತದೆ, ನಮ್ಮಲ್ಲಿ ಮೂರು ವರ್ಷದಿಂದ ಹಾಗೆಯೇ ಉಂಟು.